ಮಧ್ವೇಶನ ಕಾವಿನ ಕ್ಯಾಮೆರಾ

ಮಾವನವರು ಬರುವ ದಿನವೇ ಆ ಕ್ಯಾಮೆರಾವನ್ನು ಹೊರಗಿನ ಗ್ಯಾಲರಿಗೆ ತಂದದ್ದು ಮಧ್ವೇಶ ಮಾಡಿದ ಮೊದಲ ತಪ್ಪು. ಒಳಗೆ ಬೆಳಕು ಸಾಲದು, ಗುಂಡಿಗಳ ಮೇಲಿನ ಅಕ್ಷರ ಕಾಣುವುದಿಲ್ಲ ಎಂಬುದಷ್ಟೇ ಅವನಿಗಿದ್ದ ಕಾರಣ. ಆದರೆ ಸದಾಶಿವ ಪೇಠೆಯ ಹಳೆಯ ವಾಡೆಯಲ್ಲಿ ಗ್ಯಾಲರಿಯೆಂದರೆ ಎಲ್ಲ ಮನೆಗಳ ಬಾಗಿಲುಗಳೂ ಸಾಲಾಗಿ ತೆರೆದುಕೊಳ್ಳುವ ಜಾಗ. ಅಲ್ಲಿ ಒಬ್ಬರು ಸೀನಿದರೆ ಮೂರನೆಯ ಮನೆಯಿಂದ ಶುಂಠಿ ಕಷಾಯ ಬರುತ್ತದೆ. ನಾಲ್ಕನೆಯ ಮನೆಯಿಂದ ಅದನ್ನು ಕುಡಿಯಬೇಡಿ ಎಂಬ ಸಲಹೆ ಬರುತ್ತದೆ.

"ಅದೇನೋ ತಮ್ಮಾ, ಪಿಸ್ತೂಲು ಇದ್ದಂಗೈತಿ?" ಎಂದು ಪಕ್ಕದ ಮನೆಯ ರುದ್ರವ್ವ ಹೊಸ್ತಿಲಲ್ಲೇ ನಿಂತು ಕೇಳಿದಳು.

"ಪಿಸ್ತೂಲಲ್ರಿ ಅಕ್ಕಾರ, ಕ್ಯಾಮೆರಾ. ಕಾವು ನೋಡೂ ಕ್ಯಾಮೆರಾ. ಬಿಸಿ ಇದ್ದದ್ದು ಕೆಂಪಗ ಕಾಣ್ತದ, ತಂಪು ಇದ್ದದ್ದು ನೀಲಿ. ಗ್ವಾಡಿ ಒಳಗ ನೀರು ಜಿನುಗ್ತಿದ್ರ ಹೊರಗ ನಿಂತೇ ಹೇಳಬಹುದು."

ರುದ್ರವ್ವ ಕ್ಷಣ ಯೋಚಿಸಿದಳು. "ಸಿಲಿಂಡರಿನ್ಯಾಗ ಗ್ಯಾಸ್ ಎಷ್ಟು ಉಳದೈತಿ, ಅದನ್ನೂ ಹೇಳ್ತೈತೇನು?"

ಮಧ್ವೇಶ "ಇಲ್ಲ" ಎಂದಿದ್ದರೆ ಆ ದಿನ ಬೇರೆಯೇ ಆಗುತ್ತಿತ್ತು. ಆದರೆ ಅವನು ಇಂಜಿನಿಯರು. ಗೊತ್ತಿದ್ದದ್ದನ್ನು ಗೊತ್ತಿಲ್ಲವೆಂದು ಹೇಳುವ ವಿದ್ಯೆ ಅವನಿಗೆ ಯಾರೂ ಕಲಿಸಿರಲಿಲ್ಲ. "ಒಲಿ ಸ್ವಲ್ಪ ಹೊತ್ತು ಜೋರಾಗಿ ಹಚ್ಚಿ ಇಡ್ರಿ, ಆಮ್ಯಾಲೆ ತೋರಸ್ತೀನಿ," ಎಂದ.

ಅದು ಎರಡು ಸಾವಿರದ ಏಳನೆಯ ಇಸವಿ. ಊರ ಹೊರಗಿನ ಖರಾಡಿಯ ಕಡೆ ನಿನ್ನೆ ಜೋಳ ಇದ್ದ ಹೊಲದಲ್ಲಿ ಇವತ್ತು ಏಳಂತಸ್ತು ಏಳುತ್ತಿದ್ದ ಕಾಲ. ಒಬ್ಬ ಗುತ್ತಿಗೆದಾರನ ಕೈಕೆಳಗೆ ಇದ್ದ ನೌಕರಿ ಬಿಟ್ಟು, ಮನೆ ತಪಾಸಣೆಯ ಸ್ವಂತ ಉದ್ಯೋಗ ಹೂಡಿದ್ದ ಮಧ್ವೇಶ. ಫ್ಲ್ಯಾಟು ಕೊಳ್ಳುವವರು ಮೊದಲು ಇವನನ್ನು ಕರೆಯಬೇಕು, ಇವನು ಹೋಗಿ ಗೋಡೆ ತಟ್ಟಿ, ನಲ್ಲಿ ತಿರುಗಿಸಿ, ವೈರಿಂಗು ಪರೀಕ್ಷಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಅವರು ಫೀಸು ಕೊಡಬೇಕು. ಇವುಗಳಲ್ಲಿ ಮಧ್ಯದ ಭಾಗವೊಂದು ಮಾತ್ರ ಸರಿಯಾಗಿ ನಡೆದಿತ್ತು. ವಾಸ್ತು ನೋಡುವವನಿಗೆ ಶಾಲು ಹೊದಿಸಿ ದಕ್ಷಿಣೆ ಕೊಡುತ್ತಿದ್ದ ಜನ ಇವನಿಗೆ ಚಹ ಕೊಟ್ಟು ಕಳಿಸುತ್ತಿದ್ದರು.

ಅಷ್ಟರಲ್ಲಿ ಮುಂಬಯಿಯ ವ್ಯಾಪಾರಿಯೊಬ್ಬ ಈ ಥರ್ಮಲ್ ಕ್ಯಾಮೆರಾದ ಹುಚ್ಚು ಹಿಡಿಸಿದ. ಹೊರದೇಶದಲ್ಲಿ ಇದಿಲ್ಲದ ಇನ್‌ಸ್ಪೆಕ್ಟರನ್ನು ಯಾರೂ ಒಳಗೇ ಬಿಡುವುದಿಲ್ಲವಂತೆ. ಇದು ಕೈಗೆ ಬಂದ ಮೇಲೆ ಅವರ ಗಳಿಕೆ ದುಪ್ಪಟ್ಟಾಯಿತಂತೆ. "ಒಂದು ವಾರ ಇಟ್ಟುಕೊಂಡು ನೋಡಿ, ಬೇಡವಾದರೆ ಕೊರಿಯರಿನಲ್ಲಿ ಕಳಿಸಿ," ಎಂದು ಒಂದನ್ನು ಬಿಟ್ಟು ಹೋಗಿದ್ದ. ಬೆಲೆ ಕೇಳಿದಾಗ ಮಧ್ವೇಶನ ಹೆಂಡತಿ ಕೇತಕಿ, "ಇಷ್ಟಕ್ಕ ಒಂದು ಮಾರುತಿ ಕಾರು ಬರ್ತದಲ್ರಿ. ಅದರಾಗ ಕೂತಾದ್ರೂ ಅಡ್ಡ್ಯಾಡಬಹುದು," ಎಂದಿದ್ದಳು.

ಕೊಂಡರೆ ಕೇತಕಿಯ ತಂದೆ ಮಧುಕರರಾಯರ ನಿವೃತ್ತಿಯ ಹಣದಿಂದಲೇ ಕೊಳ್ಳಬೇಕು. ರಾಯರು ದೌಂಡದಲ್ಲಿ ರೈಲ್ವೆ ಟಿಕೆಟ್ ಪರೀಕ್ಷಕರಾಗಿದ್ದವರು. ಧಾರವಾಡ ಬಿಟ್ಟು ಅರ್ಧ ಆಯುಷ್ಯವಾಗಿದ್ದರೂ ಅಲ್ಲಿಯ ಮಾತು ಬಿಟ್ಟಿರಲಿಲ್ಲ. "ಲಾಭ ಅದನೋ ಇಲ್ಲೋ ನನ್ನ ಕಣ್ಣಿಲೆ ನೋಡ್ತೀನಿ. ಇದ್ರ ರೊಕ್ಕ ಕೊಡ್ತೀನಿ. ಇಲ್ಲಾಂದ್ರ ನಮ್ಮ ಕಡೆ ಸಕ್ಕರಿ ಕಾರ್ಖಾನ್ಯಾಗ ಕಟ್ಟಡದ ವಿಭಾಗದಾಗ ಒಂದು ಜಾಗಾ ಖಾಲಿ ಅದ. ಮ್ಯಾನೇಜರು ನನ್ನ ಗೆಳೆಯ. ಇವತ್ತ ಸಂಜೀ ತನಕ ಹಿಡದಿಟ್ಟಾನ. ಹೂಂ ಅಂದ್ರ ಹೂಂ, ಊಹೂಂ ಅಂದ್ರ ಊಹೂಂ," ಎಂದು ಫೋನಿನಲ್ಲಿ ತೀರ್ಪು ಕೊಟ್ಟು, ಬೆಳಗಿನ ಗಾಡಿಗೆ ಹೊರಟೇಬಿಟ್ಟಿದ್ದರು. ಮಧ್ಯಾಹ್ನ ಖರಾಡಿಯಲ್ಲಿ ಕ್ಯಾಮೆರಾದ ಮೊಟ್ಟಮೊದಲ ಗಿರಾಕಿ ಸಿಕ್ಕಿದ್ದು ಮಧ್ವೇಶನ ಪುಣ್ಯ.

ರುದ್ರವ್ವನ ಸಿಲಿಂಡರಿನ ಕೆಳಗಿನ ಕಾಲುಭಾಗ ಪರದೆಯ ಮೇಲೆ ಕಡುನೀಲಿಯಾಗಿ, ಗೆರೆ ಹೊಡೆದಂತೆ ಕಂಡಿತು. "ಇಷ್ಟ ಉಳದದ ನೋಡ್ರಿ ಅಕ್ಕಾರ." ರುದ್ರವ್ವ ಗಲ್ಲದ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಗ್ಯಾಲರಿಯ ಈ ತುದಿಯಿಂದ ಆ ತುದಿಯವರೆಗೆ ಆ ಸುದ್ದಿ ಓಡಿದ ವೇಗಕ್ಕೆ ಯಾವ ತಂತಿಯೂ ಬೇಕಾಗಲಿಲ್ಲ. ಹತ್ತು ನಿಮಿಷದಲ್ಲಿ ಮನೆಮನೆಯ ಸಿಲಿಂಡರುಗಳೂ ಉರುಳುತ್ತ ಬಂದು, ಸಂತೆಗೆ ಬಂದ ಎಮ್ಮೆಗಳಂತೆ ಮಧ್ವೇಶನ ಬಾಗಿಲ ಮುಂದೆ ನಿಂತವು.

ಮಧುಕರರಾಯರು ಬಂದದ್ದು ಆಗಲೇ. ಚೀಲವನ್ನು ತಲೆಯ ಮೇಲೆತ್ತಿಕೊಂಡು, ಸಿಲಿಂಡರುಗಳ ನಡುವೆ ಒಂದೊಂದೇ ಕಾಲಿಟ್ಟು ದಾಟಿ ಬಂದು ಅಳಿಯನನ್ನು ನೋಡಿದರು.

"ಏನು ಮಧ್ವೇಶರಾವ್, ಗ್ಯಾಸ್ ಏಜೆನ್ಸಿ ಸುರು ಮಾಡೀರೇನು?"

"ಹಂಗಲ್ರಿ ಮಾವ, ಕ್ಯಾಮೆರಾದಲೆ ಇವರಿಗೆ..."

"ಒಂದು ಸಿಲಿಂಡರಿಗೆ ಏನು ತಗೋತೀರಿ?"

ಉತ್ತರವನ್ನು ರುದ್ರವ್ವನೇ ತಂದಳು. ಒಂದು ಬಟ್ಟಲು ಮಂಡಕ್ಕಿಯ ಸುಸಲಾ, ಮೇಲೆ ಎರಡು ಹಸಿಮೆಣಸಿನಕಾಯಿ. ರಾಯರು ಅದನ್ನು ತಿಂದರು. ಖಾಲಿ ಬಟ್ಟಲನ್ನು ಒಮ್ಮೆ, ಸಿಲಿಂಡರುಗಳ ಸಾಲನ್ನು ಒಮ್ಮೆ ನೋಡಿದರು. ಅದೇ ಮಧ್ವೇಶನಿಗೆ ಹೆದರಿಕೆ ಹುಟ್ಟಿಸಿತು.

ಈ ಹೊತ್ತಿಗೆ ರುದ್ರವ್ವನ ಗಂಡ ಹೊಳಬಸಪ್ಪ ಕೊರಳಿಗೆ ಟವೆಲು ಸುತ್ತಿಕೊಂಡು ಮೆಟ್ಟಿಲು ಹತ್ತಿ ಬಂದ. ಗುಳೇದಗುಡ್ಡದ ಕಡೆಯವನು, ಲಕ್ಷ್ಮೀ ರಸ್ತೆಯಲ್ಲಿ ಕುಪ್ಪಸದ ಖಣದ ಅಂಗಡಿ. ಡಾಕ್ಟರು ಸಕ್ಕರೆ ಕಾಯಿಲೆಯೆಂದು ಹೇಳಿದಂದಿನಿಂದ ದಿನಾ ಬೆಳಿಗ್ಗೆ ಪರ್ವತಿ ಗುಡ್ಡದವರೆಗೆ ನಡೆದುಹೋಗಿ, ಹತ್ತಿ ಇಳಿದು, ನಡೆದೇ ಬರುತ್ತಿದ್ದ. ಹಾಗೆಂದು ಹೇಳುತ್ತಿದ್ದ.

"ಉಸ್ಸಪ್ಪಾ, ಕಾಲು ಬಿದ್ದು ಹೋದ್ವು," ಎಂದು ಕೂತ.

"ತಮ್ಮಾ, ಇವರ ಕಾಲು ತೋರಸು ಅದರಾಗ," ಎಂದಳು ರುದ್ರವ್ವ ಪ್ರೀತಿಯಿಂದ. "ನಡದೂ ನಡದೂ ಎಷ್ಟು ಕಾಯ್ದಾವೊ ಪಾಪ."

ಮಧ್ವೇಶ ತೋರಿಸಿದ. ಹೊಳಬಸಪ್ಪನ ಪಾದಗಳು ಫ್ರಿಜ್ಜಿನಿಂದ ತೆಗೆದ ಬದನೆಕಾಯಿಗಳಂತೆ ನೀಲಿಯಾಗಿದ್ದವು. "ತಂಪದಾವಲ್ರಿ," ಎನ್ನುತ್ತ ಮಧ್ವೇಶ, ಕ್ಯಾಮೆರಾ ಕೆಟ್ಟಿದೆಯೇನೋ ಎಂದು ಪರೀಕ್ಷಿಸಲು ಅದನ್ನು ಕೆಳಗಿನ ಅಂಗಳದತ್ತ ತಿರುಗಿಸಿದ. ಅಲ್ಲಿ ಸಾಲಾಗಿ ನಿಂತ ಐದಾರು ಸ್ಕೂಟರುಗಳಲ್ಲಿ ಒಂದು ಮಾತ್ರ ಹಂಚಿನ ಮೇಲಿನ ಹೋಳಿಗೆಯಂತೆ ಕೆಂಪು ಹಳದಿಯಾಗಿ ಹೊಳೆಯುತ್ತಿತ್ತು. ರುದ್ರವ್ವ ಪರದೆಯನ್ನು ನೋಡಿದಳು. ಬಗ್ಗಿ ಅಂಗಳವನ್ನು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು.

"ಅದು ನಮ್ಮ ಸ್ಕೂಟರ್ ಅಲ್ಲೇನ್ರಿ?"

"ಬಿಸಲಿಗೆ ನಿಂತೈತಿ..."

"ಉಳಿದವು ಛತ್ರಿ ಹಿಡಕೊಂಡು ನಿಂತಾವೇನು? ಎಲ್ಲಿಗೆ ಹೋಗಿದ್ರಿ? ಜಿಲೇಬಿ ಅಂಗಡಿಗೆ ಹೌದಿಲ್ಲೊ? ಬರ್ರಿ ಒಳಗ."

ಹೊಳಬಸಪ್ಪ ಒಳಗೆ ಹೋಗಲಿಲ್ಲ. ಮಧ್ವೇಶನ ಕಡೆ ತಿರುಗಿ ಅವಸರ ಅವಸರವಾಗಿ, "ಇಂಜಿನೇರ, ನೀವು ಖರಾಡಿಗೆ ಹೊಂಟೀರಂತಲ್ಲ? ಅಂಗಡಿ ವ್ಯಾನ್ ಐತಿ, ನಾ ಬಿಡ್ತೀನಿ ನಡೀರಿ. ಈಗಿಂದೀಗ ನಡೀರಿ," ಎಂದ. ಹೀಗಾಗಿ ಮೊದಲ ಗಿರಾಕಿಯ ಮನೆಗೆ ಮಧ್ವೇಶನೊಬ್ಬನೇ ಹೋಗುವ ಬದಲು ಮೂವರು ಹೋದರು. ಅದೂ ಹೇಳಿದ ಸಮಯಕ್ಕಿಂತ ತುಂಬ ಮೊದಲು.

ದಾರಿಯಲ್ಲಿ ರಾಯರು ವಿಚಾರಣೆ ನಡೆಸಿದರು. "ಗಿರಾಕಿ ಯಾರು?"

"ಶಿವಪ್ರಕಾಶ ಅಂತ. ಬೆಂಗಳೂರು ಕಡೆಯವರು, ಕಂಪ್ಯೂಟರ್ ಕಂಪನ್ಯಾಗ ಇದ್ದಾರ. ಫ್ಲ್ಯಾಟ್ ತಗೋಬೇಕಂತ ಮಾಡ್ಯಾರ. ನನ್ನ ಜಾಹೀರಾತು ನೋಡಿ ಫೋನ್ ಮಾಡಿದ್ರು."

"ಫೀಸು?"

ಗಿರಾಕಿಗಳೇ ಬರದಿದ್ದಾಗ ಮಧ್ವೇಶನೊಂದು ಉಪಾಯ ಮಾಡಿದ್ದ. 'ತಪಾಸಣೆಯ ನಂತರ ಮನೆ ಖರೀದಿಯಾದರೆ ಮಾತ್ರ ಫೀಸು' ಎಂದು ಜಾಹೀರಾತಿನಲ್ಲಿ ಹಾಕಿಸಿದ್ದ. ಅದನ್ನು ಹೇಳಿದ.

"ಖರೀದಿ ಆಗದಿದ್ರ?"

"ಅದರಾಗೂ ನಮ್ಮ ಹೆಸರಾಗ್ತದಲ್ರಿ ಮಾವ. ಇವನು ಖರೆ ಹೇಳ್ತಾನ ಅಂತ."

"ಖರೆ," ಎಂದ ಹೊಳಬಸಪ್ಪ ಕಹಿಯಾಗಿ, ಗೇರು ಬದಲಿಸುತ್ತ.

ಶಿವಪ್ರಕಾಶ ನಾಲ್ಕನೆಯ ಮಹಡಿಯ ಬಾಗಿಲು ತೆರೆದ. ಮುಖದಲ್ಲಿ ಎಂಥ ವಿನಯವೆಂದರೆ ರಾಯರಿಗೆ ನೋಡಿದ ಕೂಡಲೇ ಮೆಚ್ಚುಗೆಯಾಯಿತು. "ಮೂವತ್ತು ವರ್ಷ ಮಂದಿ ಮುಖಾ ನೋಡೀನಿ. ಇವ ಫಸ್ಟ್ ಕ್ಲಾಸ್ ಪ್ಯಾಸೆಂಜರ್," ಎಂದು ಅಳಿಯನ ಕಿವಿಯಲ್ಲಿ ಹೇಳಿದರು.

"ಬನ್ನಿ ಸಾರ್, ಬನ್ನಿ. ಓನರ್ ಊರಲ್ಲಿಲ್ಲ, ಕೀ ಕೊಟ್ಟು ಹೋಗಿದಾರೆ. ನೀವು ಆರಾಮಾಗಿ ಎಲ್ಲಾ ಚೆಕ್ ಮಾಡಿ. ಏನೂ ಬಿಡಬೇಡಿ," ಎಂದ ಶಿವಪ್ರಕಾಶ. ಅವನ ಹೆಂಡತಿ ಸಪ್ನಾ, "ಟೀ ಮಾಡ್ತೀನಿ," ಎಂದು ಒಳಗೆ ಹೋದಳು. ಪರರ ಅಡಿಗೆಮನೆಯಲ್ಲಿ ಚಹಪುಡಿ, ಸಕ್ಕರೆ, ಏಲಕ್ಕಿಗಳನ್ನು ಒಂದು ಡಬ್ಬಿಯನ್ನೂ ತಪ್ಪಾಗಿ ತೆರೆಯದೆ ಹುಡುಕಿದಳು. ಎಷ್ಟು ಚುರುಕಾದ ಹೆಣ್ಣುಮಗಳು ಎಂದು ಮಧ್ವೇಶ ಮನಸ್ಸಿನಲ್ಲೇ ಮೆಚ್ಚಿದ.

ಚಹವಾಯಿತು. ವ್ಯಾನಿನಲ್ಲಿ ಬೆಂದು ಬಂದಿದ್ದ ರಾಯರು ಅಲ್ಲಿಯವರೆಗೆ ಹಾಲಿನ ತಂಪುಗೋಡೆಗೆ ಬೆನ್ನು ಕೊಟ್ಟು, ತಲೆಯನ್ನೂ ಅಂಗೈಗಳನ್ನೂ ಆನಿಸಿ, ಕಣ್ಣು ಮುಚ್ಚಿ ನಿಂತಿದ್ದರು. ಮಧ್ವೇಶ ಅಡಿಗೆಮನೆ ನೋಡಿ ಹಾಲಿಗೆ ಬರುವ ಹೊತ್ತಿಗೆ ಅವರು ಬಾಲ್ಕನಿಗೆ ಹೋಗಿದ್ದರು. ಅವನು ಕ್ಯಾಮೆರಾ ಎತ್ತಿ ಗೋಡೆಗೆ ಹಿಡಿದ. ಹೊಳಬಸಪ್ಪ ಅವನ ಭುಜದ ಮೇಲಿಂದ ಇಣುಕಿದ.

ನೀಲಿ ಗೋಡೆಯ ನಡುವೆ ಕೇಸರಿ ಬಣ್ಣದ ಒಂದು ಆಕೃತಿ ನಿಂತಿತ್ತು. ತಲೆ ಇತ್ತು, ಭುಜಗಳಿದ್ದವು, ಎರಡು ಅಂಗೈಗಳಿದ್ದವು.

"ಯಪ್ಪಾ! ಗ್ವಾಡ್ಯಾಗ ಮನಿಶ್ಯಾ ಅದಾನ!" ಎಂದು ಹೊಳಬಸಪ್ಪ ಚೀರಿದ.

ಸಪ್ನಾಳ ಕೈಯಿಂದ ಚಹದ ತಟ್ಟೆ ಬಿತ್ತು. ಶಿವಪ್ರಕಾಶ ಗೋಡೆಯಿಂದ ಮೂರು ಹೆಜ್ಜೆ ಹಿಂದೆ ಸರಿದ. ಆದರೆ ಇಂಜಿನಿಯರಾದವನು ಗೋಡೆಯೊಳಗೆ ಮನುಷ್ಯನಿದ್ದಾನೆಂದು ನಂಬುವಂತಿಲ್ಲ. "ವೈರಿಂಗ್! ಒಳಗ ವೈರು ಸುಡಾಕತ್ತದ! ಮೇನ್ ಸ್ವಿಚ್ ಬಂದ್ ಮಾಡ್ರಿ!" ಎಂದು ಕೂಗಿದ. ಶಿವಪ್ರಕಾಶ ಕಣ್ಣುಮುಚ್ಚಿಕೊಂಡೇ ಓಡಿಹೋಗಿ ಬಾಗಿಲ ಹಿಂದಿನ ಮೇನ್ ಸ್ವಿಚ್ ಆರಿಸಿದ. ಪಂಖ ನಿಂತಿತು, ಫ್ರಿಜ್ಜು ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ನಾಲ್ವರೂ ಪರದೆಯನ್ನೇ ನೋಡುತ್ತ ನಿಂತರು. ಗೋಡೆಯ ಮನುಷ್ಯ ಮೆಲ್ಲಗೆ ಮಸುಕಾಗತೊಡಗಿದ. ಮೊದಲು ಅಂಗೈ ಹೋದವು, ಆಮೇಲೆ ಭುಜ. ಕೊನೆಗೆ ತಲೆಯೊಂದೇ ಉಳಿಯಿತು.

"ಜೀವಾ ಹೊಂಟತು," ಎಂದ ಹೊಳಬಸಪ್ಪ, ಟೋಪಿ ತೆಗೆದು.

ಅಷ್ಟರಲ್ಲಿ ರಾಯರು ಒಳಗೆ ಬಂದು, "ಯಾಕ, ಎಲ್ಲಾರೂ ಹಿಂಗ್ಯಾಕ ನಿಂತೀರಿ?" ಎಂದು ಮತ್ತೆ ಅದೇ ಜಾಗಕ್ಕೆ ಬೆನ್ನು ಆನಿಸಿ ನಿಂತರು. ಆಕೃತಿ ಸರಿಯಾಗಿ ಅವರ ಅಳತೆಗೇ ಇತ್ತು. ಮಧ್ವೇಶನಿಗೆ ಎಲ್ಲ ಅರ್ಥವಾಯಿತು. ಗೋಡೆಗೆ ಅಂಟಿ ಉಳಿದದ್ದು ಮಾವನ ಮೈಕಾವು ಎಂದು ಅರ್ಥವಾದದ್ದನ್ನು ವಿವರಿಸಿದ. ವಿವರಿಸಿದಷ್ಟೂ ಸಪ್ನಾಳ ಮುಖ ಬಿಗಿಯಾಯಿತು. "ಅಂಕಲ್, ಕೆಳಗಡೆ ಗೇಟ್ ಹತ್ರ ಟೀ ಸ್ಟಾಲ್ ಇದೆ. ಅಲ್ಲಿ ತುಂಬಾ ಚೆನ್ನಾಗಿ ಗಾಳಿ ಬರುತ್ತೆ," ಎಂದಳು. ಮರ್ಯಾದೆಯಿಂದ ಹೊರಗೆ ಹಾಕುವ ಕಲೆಯಲ್ಲೂ ಅವಳು ಚುರುಕಾಗಿದ್ದಳು. ರಾಯರೂ ಹೊಳಬಸಪ್ಪನೂ ಲಿಫ್ಟಿನಲ್ಲಿ ಇಳಿದುಹೋದರು.

ಅವರು ಹೋದ ಮೇಲೆ ಮಧ್ವೇಶ ಮತ್ತೆ ಕೆಲಸಕ್ಕಿಳಿದ. ಮಲಗುವ ಕೋಣೆಯಲ್ಲಿ, ಬಚ್ಚಲಿಗೆ ತಾಗಿದ ಗೋಡೆಗೆ ಹೊಸ ಬಣ್ಣ ಬಳಿದಿತ್ತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಕ್ಯಾಮೆರಾದಲ್ಲಿ ಮಾತ್ರ ಇಡೀ ಗೋಡೆ ನೀಲಿ ನೀಲಿಯಾಗಿ, ಶಾಯಿ ಚೆಲ್ಲಿದ ಹಾಳೆಯಂತಿತ್ತು.

"ನೀರು ಅದ. ಭಾಳ ದಿವಸದ್ದು," ಎಂದ.

"ಎಲ್ಲಿಂದ ಬರ್ತಿದೆ ಸಾರ್? ಅದು ಗೊತ್ತಾಗುತ್ತಾ?" ಶಿವಪ್ರಕಾಶನ ಧ್ವನಿ ಯಾಕೋ ನಡುಗುತ್ತಿತ್ತು.

"ಮೇನ್ ಹಚ್ರಿ. ಗೀಝರ್ ಚಾಲೂ ಮಾಡಿ ಬಿಸಿನೀರು ಬಿಡ್ರಿ."

ಬಿಸಿನೀರು ಹರಿಯಿತು. ಗೋಡೆಯೊಳಗಿನ ಪೈಪು ಪರದೆಯ ಮೇಲೆ ತನ್ನಷ್ಟಕ್ಕೆ ತಾನೇ ಕೆಂಪು ಗೆರೆಯಾಗಿ ಮೂಡುತ್ತ ಮೇಲಿಂದ ಇಳಿದು, ಬಲಕ್ಕೆ ತಿರುಗಿ, ತಿರುವಿನಲ್ಲಿ ದಾಸವಾಳದ ಹೂವಿನಂತೆ ಅರಳಿತು. ಆ ಹೂವಿನ ನಡುವೆ ಮಧ್ವೇಶ ಪೆನ್ಸಿಲಿನಿಂದ ಒಂದು ಗುರುತು ಹಾಕಿದ. "ಇಲ್ಲೇ. ಪೈಪಿನ ಜೋಡಣಿ ಬಿಟ್ಟದ. ಬಚ್ಚಲ ಕಡೆಯಿಂದ ಒಂದು ಟೈಲ್ಸ್ ಒಡದ್ರ ಸಾಕು, ಬ್ಯಾರೆ ಕಡೆ ಕೈ ಹಚ್ಚೂ ಕೆಲಸಿಲ್ಲ."

ಉದ್ಯೋಗ ಹೂಡಿದಂದಿನಿಂದ ಅವನಿಗೆ ಇಷ್ಟು ಸಂತೋಷವಾಗಿರಲಿಲ್ಲ. ಈ ಯಂತ್ರ ಸುಳ್ಳಲ್ಲ, ತಾನೂ ಸುಳ್ಳಲ್ಲ. ಶಿವಪ್ರಕಾಶನ ಕಣ್ಣು ಲಾಟರಿ ಹೊಡೆದವನಂತೆ ಅರಳಿದ್ದವು. ಸಪ್ನಾ ಎರಡೂ ಕೈ ಎದೆಗೆ ಒತ್ತಿಕೊಂಡು, "ಥ್ಯಾಂಕ್ ಗಾಡ್," ಎಂದಳು. ಕೊಳ್ಳಬೇಕೆಂದಿದ್ದ ಮನೆ ಸೋರುತ್ತದೆಂದು ಕೇಳಿ ದೇವರನ್ನು ನೆನೆಯುವವರು ಅಪರೂಪ. ಮಧ್ವೇಶ ಅದನ್ನು ತನ್ನ ಕೆಲಸಕ್ಕೆ ಸಂದ ಗೌರವವೆಂದು ತಿಳಿದ.

ಮರುಕ್ಷಣವೇ ಶಿವಪ್ರಕಾಶ ಮುಖ ಇಳಿಬಿಟ್ಟ. "ಏನ್ ಮಾಡೋದು ಸಾರ್, ಇಷ್ಟೊಂದು ಲೀಕೇಜ್ ಇದ್ರೆ ಹೇಗೆ ತಗೊಳ್ಳೋದು? ನಾವು ಡ್ರಾಪ್ ಮಾಡ್ತೀವಿ. ಖರೀದಿ ಆಗದಿದ್ರೆ ಫೀಸ್ ಇಲ್ಲ ಅಂತ ನೀವೇ ಹಾಕಿದೀರಲ್ವಾ... ಅಷ್ಟು ಹಾನೆಸ್ಟ್ ಆಗಿ ಹೇಳೋರು ಎಲ್ಲಿ ಸಿಕ್ತಾರೆ ಸಾರ್."

ತನ್ನ ಜಾಹೀರಾತಿಗೆ ತಾನೇ ಏನು ಹೇಳುವುದು? ಮಧ್ವೇಶ ಕೈ ಕುಲುಕಿ ಕೆಳಗಿಳಿದ. ಗೇಟಿನಲ್ಲಿ ವಾಚ್‌ಮನ್ ಬಾಳು ಕುರ್ಚಿಯಿಂದ ಏಳದೆಯೇ ಸಲಾಮು ಹೊಡೆದ.

"ಕಾಯ್ ಸಾಹೇಬ, ಸಾಪಡ್ಲಾ ಕಾ ಲೀಕೇಜ್?"

ಲೀಕೇಜು ಸಿಕ್ಕಿತೇ ಎಂದು ಇವನು ಯಾಕೆ ಕೇಳುತ್ತಾನೆ? ನಿನಗೆ ಹೇಗೆ ಗೊತ್ತು ಎಂದು ಮಧ್ವೇಶನೂ ಮರಾಠಿಯಲ್ಲೇ ಕೇಳಿದ. ಬಾಳುವಿಗೆ ಮಾತಾಡಲು ಯಾರಾದರೂ ಬೇಕಾಗಿತ್ತು. ಕಳೆದ ಮಳೆಗಾಲದಿಂದ ಆ ಸಾಹೇಬರು ಗೋಳಾಡುತ್ತಿದ್ದಾರೆ. ಮೂರು ಜನ ಪ್ಲಂಬರುಗಳು ಬಂದು ಬಚ್ಚಲು ಅಗೆದು ಹೋದರು, ಒಬ್ಬನಿಗೂ ಸಿಗಲಿಲ್ಲ. ಕೆಳಗಿನ ಫ್ಲ್ಯಾಟಿನವರು ದಿನಾ ಬಂದು ಜಗಳ ಮಾಡುತ್ತಾರೆ ಎಂದು ಎಲ್ಲವನ್ನೂ ಹೇಳಿದ.

"ಯಾವ ಸಾಹೇಬರು? ಓನರು ಊರಲ್ಲಿಲ್ಲವಂತಲ್ಲ?"

ಬಾಳು ನಕ್ಕ. "ಶಿವಪ್ರಕಾಶ ಸಾಹೇಬ! ಘರ್ ತ್ಯಾಂಚಂಚ್ ಆಹೇ." ಮನೆ ಅವರದೇ, ಬಂದು ಮೂರು ವರ್ಷವಾಯಿತು.

ಅವನು ಹೇಳಿ ಮುಗಿಸುವುದರೊಳಗೆ ಉಳಿ ಸುತ್ತಿಗೆಗಳ ಚೀಲ ಹೊತ್ತ ಗೌಂಡಿಯೊಬ್ಬ ಗೇಟಿನೊಳಗೆ ಬಂದು, ನಾಲ್ಕನೆಯ ಮಹಡಿಯ ಶಿವಪ್ರಕಾಶ ಸಾಹೇಬರು ಈಗಲೇ ಬಾ ಅಂದಿದ್ದಾರೆ, ಯಾವ ಕಡೆ ಎಂದು ಕೇಳಿದ. ಮಧ್ವೇಶ ಅವನ ಜತೆಗೇ ಲಿಫ್ಟು ಹತ್ತಿದ.

ಬಾಗಿಲು ತೆರೆದ ಶಿವಪ್ರಕಾಶ ಒಬ್ಬನ ಬದಲು ಇಬ್ಬರನ್ನು ಕಂಡ. ಆದರೂ ಅವನ ವಿನಯ ಒಂದಿಷ್ಟೂ ಕೆಡಲಿಲ್ಲ. ಗೌಂಡಿಯನ್ನು ಬಚ್ಚಲಿಗೆ ಕಳಿಸಿ, "ಹೇಳಿ ಸಾರ್," ಎಂದ.

"ಮನಿ ನಿಮ್ಮದ ಅದ ಅಂತಲ್ರಿ?"

"ಹೌದು ಸಾರ್."

"ಅಂದ್ರ ಖರೀದಿ ಮಾಡೀರಿ. ಖರೀದಿ ಆದ್ರ ಫೀಸು ಕೊಡಬೇಕು."

"ಖರೀದಿ ಆಗಿ ಮೂರು ವರ್ಷ ಆಯ್ತು ಸಾರ್. 'ತಪಾಸಣೆಯ ನಂತರ' ಖರೀದಿಯಾದರೆ ಫೀಸು ಅಂತ ತಾನೆ ನೀವು ಹಾಕಿರೋದು? ತಪಾಸಣೆ ಆದ್ಮೇಲೆ ನಾವು ಏನೂ ಖರೀದಿ ಮಾಡಿಲ್ಲ."

ಬಚ್ಚಲಿನಿಂದ ಟೈಲ್ಸ್ ಒಡೆಯುವ ಸದ್ದು ಬಂತು. ಹಿಂದೆಯೇ, "ಇಥೇಚ್ ಆಹೇ ಸಾಹೇಬ!" ಎಂದು ಗೌಂಡಿ ಕೂಗಿದ. ಇಲ್ಲೇ ಇದೆ. ಗುರುತು ಹಾಕಿದ ಜಾಗ ಒಂದು ಬೆರಳಿನಷ್ಟೂ ತಪ್ಪಿರಲಿಲ್ಲ.

"ಸೂಪರ್ ಸಾರ್ ನೀವು!" ಎಂದು ಶಿವಪ್ರಕಾಶ ಮನಃಪೂರ್ವಕವಾಗಿ ಹೇಳಿದ. "ಬೇಜಾರು ಮಾಡ್ಕೋಬೇಡಿ. ನಮ್ಮ ಸೊಸೈಟೀಲಿ ಎಲ್ಲರ ಮನೇಲೂ ಇದೇ ಪ್ರಾಬ್ಲಮ್. ಎಲ್ಲರಿಗೂ ಈಗಲೇ ಈ-ಮೇಲ್ ಹಾಕ್ತೀನಿ. ನಿಮ್ಮ ನಂಬರ್ ಕೊಡ್ತೀನಿ. ನಿಮಗೆ ಎಂಥ ಪಬ್ಲಿಸಿಟಿ ಸಿಗುತ್ತೆ ನೋಡಿ."

ಮಧ್ವೇಶ ಮತ್ತೆ ಇಳಿದು ಚಹದಂಗಡಿಗೆ ಬಂದಾಗ ರಾಯರು ಬೆಂಚಿನ ಮೇಲೆ, ಹೊಳಬಸಪ್ಪ ಅವರ ಪಕ್ಕದಲ್ಲಿ, ಎರಡನೆಯ ಸುತ್ತಿನ ಚಹದೊಂದಿಗೆ ಕಾಯುತ್ತಿದ್ದರು.

"ಸಿಕ್ಕಿತೊ?"

"ಸಿಕ್ಕಿತ್ರಿ ಮಾವ. ಬರೋಬ್ಬರಿ ಜಾಗಾ ತೋರಿಸಿದೆ."

"ಭಲೇ! ಫೀಸು?"

ರಾಯರೊಬ್ಬರೇ ಇದ್ದಿದ್ದರೆ ಮಧ್ವೇಶ ಇದ್ದದ್ದನ್ನು ಹೇಳಿಬಿಡುತ್ತಿದ್ದನೋ ಏನೋ. ಆದರೆ ಚಹ ಸುರಿದುಕೊಂಡ ಬಸಿಯ ಅಂಚಿನ ಮೇಲಿಂದ ಹೊಳಬಸಪ್ಪನ ಕಣ್ಣುಗಳು ಬೆಳಗಿನ ಸೇಡಿಗಾಗಿ ಹಸಿದು ಕೂತಿದ್ದವು. ಇವತ್ತು ಸೋತ ಸುದ್ದಿ ಇವನ ಕಿವಿಗೆ ಬಿದ್ದರೆ ನಾಳೆ ಗ್ಯಾಲರಿಯ ಎಲ್ಲ ಬಾಗಿಲುಗಳಿಗೂ ಬೀಳುತ್ತದೆ.

"ಚೆಕ್ ಕಳಸ್ತಾರಂತ್ರಿ," ಎಂದ.

ಹೊಳಬಸಪ್ಪನ ಮುಖ ಬಾಡಿತು. ರಾಯರು ಅಳಿಯನ ಬೆನ್ನು ತಟ್ಟಿದರು. ಮಧ್ವೇಶನಿಗೆ ಆ ಏಟು ಬಹಳ ಹೊತ್ತು ನೋಯುತ್ತಲೇ ಇತ್ತು.

ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತು ಅವನು ತನ್ನ ಮನಸ್ಸಿನ ತಪಾಸಣೆ ಮಾಡಿಕೊಂಡ. ಕ್ಯಾಮೆರಾ ಒಳ್ಳೆಯದು, ಕೆಲಸ ಒಳ್ಳೆಯದು. ಗೋಡೆಯೊಳಗಿನ ನೀರನ್ನು ಹುಡುಕಬಹುದು, ಜನರ ಜೇಬಿನೊಳಗಿನ ಹಣವನ್ನು ಹೊರಗೆ ತೆಗೆಯುವ ಯಂತ್ರ ಬೇರೆಯೇ ಇರಬೇಕು. ಮಾವನ ನಿವೃತ್ತಿಯ ಹಣವನ್ನು ಇದಕ್ಕೆ ಸುರಿಯುವುದು ಪಾಪ. ಸಕ್ಕರೆ ಕಾರ್ಖಾನೆಯೆಂದರೆ ಏನು ಕಡಿಮೆ? ತಿಂಗಳಿಗೆ ಸರಿಯಾಗಿ ಸಂಬಳ, ಇರಲು ಕ್ವಾರ್ಟರ್ಸು, ಗೋಡೆ ಸೋರಿದರೆ ಕಾರ್ಖಾನೆಯ ಗೋಡೆ. ಯೋಚಿಸುತ್ತ ಹೋದಂತೆ ಅವನಿಗೆ ಕಬ್ಬಿನ ಹಾಲಿನ ವಾಸನೆಯೇ ಬಂದಂತಾಯಿತು. ಎಷ್ಟೋ ತಿಂಗಳ ಮೇಲೆ ಮನಸ್ಸು ಹಗುರವಾಯಿತು.

ಡೆಕ್ಕನ್ ಚೌಕದ ಹತ್ತಿರ ವ್ಯಾನಿನಿಂದ ಇಳಿದುಕೊಂಡ. "ನೀವು ಮುಂದ ನಡೀರಿ ಮಾವ, ನಂದೊಂದು ಸಣ್ಣ ಕೆಲಸ ಅದ," ಎಂದ. ಕೊರಿಯರ್ ಕಚೇರಿಗೆ ಹೋಗಿ ಮುಂಬಯಿಗೆ ಕ್ಯಾಮೆರಾ ಕಳಿಸುವುದನ್ನು ವಿಚಾರಿಸಿದ. ಒಳ್ಳೆಯ ಪೆಟ್ಟಿಗೆ ತನ್ನಿ, ಸುತ್ತ ಥರ್ಮಾಕೋಲು ತುಂಬಿ ಕಳಿಸೋಣ ಎಂದರು. ಪೆಟ್ಟಿಗೆಯನ್ನೂ ಕೊಂಡ. ಮಾವನಿಗೆ ಹೇಳಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡ. ಮೊದಲು ಚೆಕ್ಕಿನ ಸುಳ್ಳು ಒಪ್ಪಿಕೊಳ್ಳಬೇಕು, ಆಮೇಲೆ ಕ್ಷಮೆ, ಆಮೇಲೆ ದೌಂಡದ ನೌಕರಿ.

ಮೆಟ್ಟಿಲು ಹತ್ತುವಾಗಲೇ ಮನೆಯ ಫೋನಿನ ಸದ್ದು ಕೇಳಿಸಿತು. ಬಾಗಿಲಲ್ಲಿ ಕೇತಕಿ ನಿಂತಿದ್ದಳು. ಮದುವೆಯಾದ ಹೊಸದರಲ್ಲಿ ಕಂಡಿದ್ದ ನಗು ಅವಳ ಮುಖದಲ್ಲಿತ್ತು.

"ಎಲ್ಲಿ ಹೋಗಿದ್ರಿ? ಆ ಫೋನು ಉಸಿರಾಡಲಿಕ್ಕೇ ಬಿಟ್ಟಿಲ್ಲ ನೋಡ್ರಿ. ಅಪ್ಪ ಅಲ್ಲಿಂದ ಎದ್ದೇ ಇಲ್ಲ."

ಒಳಗೆ ರಾಯರು ಫೋನಿನ ಪಕ್ಕದಲ್ಲಿ, ಮುಖ್ಯ ಜಂಕ್ಷನ್ನಿನ ಸ್ಟೇಷನ್ ಮಾಸ್ತರರಂತೆ ಕೂತಿದ್ದರು. ಆಗಷ್ಟೇ ರಿಸೀವರು ಇಟ್ಟವರು ಅಳಿಯನನ್ನು ಕಂಡು ಎದ್ದೇ ನಿಂತರು.

"ಬರ್ರಿ, ಬರ್ರಿ ಮಧ್ವೇಶರಾವ್! ನಾ ನಿಮ್ಮನ್ನ ಭಾಳ ಹಗುರ ತಿಳಕೊಂಡಿದ್ದೆ, ತಪ್ಪಾತು. ಆ ಶಿವಪ್ರಕಾಶ ಎಂಥಾ ದೊಡ್ಡ ಮನಿಶ್ಯಾ ಅಂತೀರಿ! ಎಲ್ಲಾ ಕಡೆ ನಿಮ್ಮ ಹೆಸರು ಹೇಳ್ಯಾನ. ಫೋನಿನ ಮ್ಯಾಲ ಫೋನು! ಎಲ್ಲಾರೂ ಅದೇ ಬಿಲ್ಡಿಂಗಿನ್ಯಾಗ ಫ್ಲ್ಯಾಟ್ ತಗೋಳಾವರು."

"ಅದೇ ಬಿಲ್ಡಿಂಗಿನ್ಯಾಗ?" ಮಧ್ವೇಶನ ಧ್ವನಿ ಕ್ಷೀಣವಾಗಿ ಹೊರಟಿತು.

"ಅದೇ ಬಿಲ್ಡಿಂಗು! ಇಷ್ಟು ಮಂದಿ ಮುಗಿಬಿದ್ದು ತಗೋತಾರಂದ್ರ ಭಾಳ ಛಲೋ ಬಿಲ್ಡಿಂಗ್ ಇರಬೇಕು. ನನಗೂ ಒಂದು ಅಲ್ಲೇ ನೋಡಬೇಕನ್ನಿಸೇದ."

"ಮಾವ, ನಿಮಗೊಂದು ಮಾತು ಹೇಳಬೇಕು. ಆ ಸಕ್ಕರಿ ಕಾರ್ಖಾನಿ..."

"ಅದರ ಚಿಂತಿ ಬಿಡ್ರಿ!" ರಾಯರು ಕೈಯಿಂದ ಗಾಳಿಯನ್ನು ಸರಿಸಿದರು. "ಆಗಲೇ ಫೋನ್ ಮಾಡಿ ಹೇಳೀನಿ, ನಮ್ಮ ಅಳಿಯಂದಿರಿಗೆ ಪುರಸೊತ್ತಿಲ್ಲ, ಬ್ಯಾರೆ ಯಾರಿಗಾದ್ರೂ ಕೊಡ್ರಿ ಅಂತ. ಅವ ಅಲ್ಲೇ ಕೂತಿದ್ದ ಇನ್ನೊಬ್ಬಗ ಕೊಟ್ಟೂ ಬಿಟ್ಟ. ಮುಂಬಯಿಯವಗೂ ಹೇಳೀನಿ, ಮಷೀನು ನಮ್ಮದೇ, ವಾಪಸು ಬರೂದಿಲ್ಲ ಅಂತ. ನಾಳೆ ಬ್ಯಾಂಕಿಗೆ ಹೋಗಿ ಡ್ರಾಫ್ಟ್ ತಗಸೋದು, ಕಳಸೋದು. ಇದೇನು, ಪೆಟ್ಟಿಗಿ ಸುದ್ದಾ ತಂದೀರಲ್ಲ! ಮಷೀನಿಗೆ ಧೂಳು ಹತ್ತಬಾರದು ಅಂತ ಹೌದಿಲ್ಲೊ? ನೋಡು ಕೇತಕಿ, ಎಂಥಾ ಕಾಳಜಿ!"

ಮಧ್ವೇಶ ಪೆಟ್ಟಿಗೆಯನ್ನು ಕೆಳಗಿಟ್ಟ. "ಮಾವ, ಆ ಚೆಕ್ಕು..." ಎಂದು ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಹೊರಗೆ ರುದ್ರವ್ವ, ಅವಳ ಹಿಂದೆ ಹೊಳಬಸಪ್ಪ, ಅವರ ಹಿಂದೆ ಗ್ಯಾಲರಿಯ ಅರ್ಧ ಜನ ನಿಂತು, ಈ ಮನೆಯ ಭಾಗ್ಯವನ್ನು ಕಣ್ತುಂಬ ನೋಡುತ್ತಿರುವುದು ಕಾಣಿಸಿತು. ಅಷ್ಟರಲ್ಲಿ ಮತ್ತೆ ಫೋನು ಬಡಿದುಕೊಂಡಿತು.

ರಾಯರು ರಿಸೀವರನ್ನು ಎತ್ತಿಕೊಂಡರು. ಆ ಕಡೆಯವರ ಧ್ವನಿ ದೊಡ್ಡದಾಗಿದ್ದುದರಿಂದ ಮಧ್ವೇಶನಿಗೂ ಕೇಳಿಸುತ್ತಿತ್ತು. ನಾವು ಖರಾಡಿಯಲ್ಲಿ ಒಂದು ಫ್ಲ್ಯಾಟು ಕೊಳ್ಳಬೇಕೆಂದಿದ್ದೇವೆ, ಕೊಳ್ಳುವ ಮುಂಚೆ ತಪಾಸಣೆ ಆಗಬೇಕು ಎನ್ನುತ್ತಿದ್ದರು. ಹಿಂದೆ ಕುಕ್ಕರು ಸೀಟಿ ಹೊಡೆಯಿತು. ಒಬ್ಬ ಹೆಂಗಸು, "ಬೆಡ್‌ರೂಮ್ ಗೋಡೆ ಮೊದ್ಲು ನೋಡ್ಬೇಕು ಅಂತ ಹೇಳ್ರೀ, ಹಾಸಿಗೆ ಎಲ್ಲಾ ಒದ್ದೆ ಆಗ್ತಿದೆ!" ಎಂದು ಗದರಿಸಿದಳು.

"ಆಗಲಿ, ಆಗಲಿ, ಖಂಡಿತ ಬರ್ತಾರ," ಎಂದರು ರಾಯರು, ಅಳಿಯನ ಕಡೆ ಹೆಮ್ಮೆಯಿಂದ ನೋಡುತ್ತ. "ನಾನೂ ಬರ್ತೀನಿ ಜೋಡಿಗೆ. ಏನಂದ್ರಿ, ಫೀಸಾ? ಅದರ ಮಾತ ಬ್ಯಾಡ್ರಿ ಈಗ. ಖರೀದಿ ಆದ ಮ್ಯಾಲ ಕೊಡ್ರಿ. ಎಲ್ಲಾರಿಗೂ ಹಂಗ ಮಾತು ಕೊಟ್ಟೀನಿ, ನಮ್ಮ ಅಳಿಯಂದಿರು ಮಾತಿಗೆ ತಪ್ಪಾವರಲ್ಲ."

ಮಧ್ವೇಶ ಚೀಲದಿಂದ ಕ್ಯಾಮೆರಾ ತೆಗೆದು ಚಾರ್ಜಿಗೆ ಹಾಕಿದ.